ಅದುಮಿದ ಬಳೆ

ತಂಗಿ ನೀಲವ್ವಾ,

ನೀನು ತೀರಿಕೊಂಡು ಎರಡು ವರ್ಷವಾಯಿತು, ಇದನ್ನು ನೀನು ಓದಲಾರೆ. ಆದರೂ ಸಿಟ್ಟು ತಡೆಯದೆ ಬರೆಯುತ್ತಿದ್ದೇನೆ.

ಇವತ್ತು ನಾಸಿಕ್ ರೋಡಿನ ಮಿಸ್ತ್ರಿ ನಮ್ಮ ಜೀಪಿಗೆ ಹೊಸ ಪಿಸ್ಟನ್ ಕೂಡಿಸುವಾಗ ಸಿಲಿಂಡರಿನ ಬಾಯನ್ನಷ್ಟೇ ಒಮ್ಮೆ ಅಳೆದು, "ನಡೀತದ ಬಿಡ್ರಿ ಕಾಕಾ" ಎಂದ.

"ತ್ರ್ಯಂಬಕದ ಗುಡಿಗೆ ಮಂದಿ ಹೊರೋ ಗಾಡಿ ಇದು! ಸವೆತ ಬಾಯಾಗ ಅಲ್ಲೋ, ಒಳಗದ!" ಎಂದು ಅವನ ಕೈಯಿಂದ ಅಳತೆಯ ಗೇಜ್ ಕಸಿದುಕೊಂಡೆ. ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದೆ. ಒಳಗೆಲ್ಲ ತತ್ತಿಯಾಕಾರಕ್ಕೆ ಸವೆದಿತ್ತು.

ಈ ಅಳತೆ ನನಗೆ ಕಲಿಸಿದ ದಿನ, ಓಝರ್‌ನ ವಿಮಾನ ಕಾರ್ಖಾನೆಯ ಕೆಲಸ ಮುಗಿಸಿ ಬಂದ ನೀನು ನಿನ್ನ ಬಂಗಾರದ ಬಳೆಯನ್ನೇ ಅದುಮಿ, "ಅಣ್ಣಾ, ಒಂದೇ ಕಡೆ ಅಳದ್ರ ಈ ಸೊಟ್ಟ ತಿಳೀತದೇನು?" ಎಂದಿದ್ದೆ.

ಮಿಸ್ತ್ರಿ ತಲೆ ತಗ್ಗಿಸಿ, "ಯಾರು ಕಲಿಸಿದ್ರು ಕಾಕಾ?" ಎಂದ.

"ಯಾರೂ ಇಲ್ಲ, ನಾನೇ ಕಲ್ತೆ" ಎಂದೆ.

ನೀನು ಎದುರಿಗಿದ್ದಾಗಲೂ ನಾನು ಇದನ್ನೇ ಹೇಳುತ್ತಿದ್ದೆ.