ಲೋಹಪಡೆಯಲ್ಲಿ ನಮ್ಮ ಇಸ್ರಾರ

ಯರಗಟ್ಟಿ
ಜನವರಿ ೧೯, ೨೦೨೫

ಪ್ರೀತಿಯ ಇಸ್ರಾರನಿಗೆ ಮಾಮಾನ ಸಲಾಂ.

ಮೈಯಲ್ಲಿ ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಾನಂತೂ ಕಲ್ಲುಗುಂಡು. ರಂಜಾನಿಗೆ ಬರಲಿಲ್ಲ, ಬಕ್ರೀದಿಗೂ ಬರಲಿಲ್ಲ. ಫೋನಿನಲ್ಲಿ ಮುಖ ತೋರಿಸು ಎಂದರೆ ನೆಟ್‌ವರ್ಕ್ ಇಲ್ಲ ಅನ್ನುತ್ತೀ. ನಮ್ಮ ಕಬ್ಬಿನ ಹೊಲದಲ್ಲಿ ಸಿಗುವ ನೆಟ್‌ವರ್ಕ್ ಹೈದರಾಬಾದಿನಲ್ಲಿ ಸಿಗುವುದಿಲ್ಲವಂತೆ. ಇರಲಿ.

ನೀನು ಸ್ಟಂಟ್ ಮಾಡಿದ ‘ಲೋಹಪಡೆ’ ಎರಡನೇ ಭಾಗ ಬೈಲಹೊಂಗಲಕ್ಕೆ ಬಂತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಇಳಿಸಿ ಬಂದ ಟ್ರ್ಯಾಲಿಯನ್ನು ಗುಡಿಸಿ, ಓಣಿಯವರನ್ನೆಲ್ಲ ಹೇರಿಕೊಂಡು ಹೋದೆ. ಹೊಡೆದಾಟದ ಸಿನಿಮಾ ನನ್ನಷ್ಟು ನೋಡಿದವನು ಈ ಸೀಮೆಯಲ್ಲಿದ್ದರೆ ಮೀಸೆ ಬೋಳಿಸುತ್ತೇನೆ, ಆದ್ದರಿಂದ ನನ್ನ ಮಾತನ್ನು ನಿಮ್ಮ ಡೈರೆಕ್ಟರಿಗೂ ಮುಟ್ಟಿಸು. ಯಂತ್ರಸೈನಿಕರು ನೀರು ಸೀಳಿಕೊಂಡು ಏಳುವುದು ಭರ್ಜರಿ. ನವಿಲುತೀರ್ಥದ ಅಣೆಕಟ್ಟಿನ ಗೇಟು ತೆಗೆದಾಗಿನ ಸಪ್ಪಳವೇ ಅದು. ಹೊಡೆತಗಳೂ ಮೊದಲ ಭಾಗದ ಹಾಗೆ ಹುಸಿಯಲ್ಲ. ಆದರೆ ಕಥೆ ಎಲ್ಲಿದೆ? ಹೋದ ಸಲ ಸುಟ್ಟು ಬೂದಿಯಾದ ವಿಜ್ಞಾನಿ ಈ ಸಲ ಬರೀ ಕನ್ನಡಕ ಬದಲಿಸಿ ಬಂದಿದ್ದಾನೆ. ಹೀರೋ ಮುಗಿಲಿನಿಂದ ಬಿದ್ದರೂ ಬೈತಲೆ ಕೆಡುವುದಿಲ್ಲ. ಯಾಕೆ ಕೆಟ್ಟೀತು, ಬೀಳುವವರು ಬೇರೆ ಇದ್ದಾರಲ್ಲ.

ನೀನೇ ಮುಖ್ಯ ಸೈನಿಕ ಎಂದು ಊರಿಗೆಲ್ಲ ಸಾರಿದ್ದೆ. ತೆರೆಯ ಮೇಲೆ ನೋಡಿದರೆ ಎಲ್ಲರೂ ಒಂದೇ ಅಚ್ಚು, ಎಲ್ಲರ ಮುಖಕ್ಕೂ ತಗಡು. ಮುಂದೆ ನಿಂತ ದೈತ್ಯನನ್ನು ತೋರಿಸಿ, “ಅಂವಾ ನೋಡ್ರಿ ನಮ್ಮ ಇಸ್ರಾರ” ಎಂದುಬಿಟ್ಟೆ. ಸಿಳ್ಳೆ ಬಿದ್ದವು. ಪಕ್ಕದ ಮನೆಯ ಬಸಲಿಂಗಪ್ಪ ಟವೆಲ್ಲು ತೂರಿದ.

“ಅಂವಾ ಅಲ್ಲೋ,” ಎಂದಳು ನಿನ್ನ ಅಮ್ಮ. “ಹಿಂದ ಎಡಗಾಲು ಎಳಕೊಂತ ಬರಾಕತ್ತಾನಲ್ಲ, ಅಂವಾ ನನ್ನ ಮಗ.”

“ಯಂತ್ರ ಎಲ್ಲೆರ ಕುಂಟತಾವೇನ್ರೀ ಮದರಬಿ,” ಎಂದು ಬಸಲಿಂಗಪ್ಪ ನಕ್ಕ.

“ಆ ಕೈ ಬೀಸೂದು ನನಗ ಗೊತ್ತೈತಿ. ಈ ಕಾಲಿಗೆ ಏನಾಗೇತೋ ಗೊತ್ತಿಲ್ಲ.”

ಆಮೇಲೆ ನನಗೂ ಕಂಡಿತು. ಅದೇ ಕಾಲಿನಲ್ಲಿ ನಿನ್ನನ್ನು ಗೋಡೆಯ ಮೇಲಿಂದ ಕೆಡವಿದರು. ಟಾಕೀಜು ತುಂಬ ಚಪ್ಪಾಳೆ. ನಿನ್ನ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋಗಿ, ಸಿನಿಮಾ ಮುಗಿಯುವವರೆಗೆ ಟ್ರ್ಯಾಲಿಯಲ್ಲೇ ಕುಳಿತಿದ್ದಳು. ಕುಂಟುವವನನ್ನು ಕಂಡೂ ಗೋಡೆ ಹತ್ತಿಸಿದ ಡೈರೆಕ್ಟರಿಗೆ ಏನನ್ನಲಿ? ಹತ್ತಿದ ನಿನಗೇನನ್ನಲಿ?

ಅಲ್ಲಾಹ ನಿನ್ನ ಕೈಕಾಲು ಕಾಯಲಿ.

ನಿನ್ನ ಮಾಮಾ,
ರಹಿಮಾನಸಾಬ

ತಾ.ಕ.: ಮೂರನೇ ಭಾಗಕ್ಕೂ ಒಪ್ಪಿದ್ದೀಯೆಂದು ನಿನ್ನ ಗೆಳೆಯ ಶಾಕೀರ ಬಾಯಿಬಿಟ್ಟ. ನಿನ್ನ ಅಮ್ಮನಿಗೆ ಹೇಳಿಲ್ಲ. ನೀನು ಸಿನಿಮಾ ಬಿಟ್ಟು ಊರಿಗೆ ಬರುತ್ತಿದ್ದೀಯೆಂದು ಅವಳಿಗೂ ಓಣಿಗೂ ಹೇಳಿಬಿಟ್ಟಿದ್ದೇನೆ. ನಗುವವರು ನಕ್ಕರು, ಅವಳು ಮಾತ್ರ ನಂಬಿದ್ದಾಳೆ. ಇದೊಂದು ಮಾತಿನಲ್ಲಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡ.