ಎಡಕ್ಕೆ ಕುಸಿದ ಸೀಟು

ಅಪ್ಪಾ,

ನೀನು ತೀರಿಕೊಂಡು ಮೂರು ತಿಂಗಳಾಯಿತು. ನಿನ್ನ ಹಳೆ ಕಾರು ಓಡಿಸಿ ಓಡಿಸಿ ನನ್ನ ಸೊಂಟ ಹಿಡಿದುಕೊಂಡಿದೆ. ಡ್ರೈವರ್ ಸೀಟು ಎಡಕ್ಕಷ್ಟೇ ಕುಸಿದಿತ್ತು. ರಿಪೇರಿ ಮಾಡಿಸು ಅಂದಾಗಲೆಲ್ಲ ನೀನು ‘ಮಾಡಸ್ತೀನಿ ಬಿಡವಾ’ ಅಂದೆ, ಮಾಡಿಸಲಿಲ್ಲ. ಕಡೆಗೆ ಇವತ್ತು ನಾನೇ ಕೊಂಢವಾದಲ್ಲಿರುವ ಸೀಟು ರಿಪೇರಿ ಅಂಗಡಿಗೆ ಒಯ್ದೆ.

ಸೀಟು ಹೊಲಿಯುವ ತಾಯಪ್ಪ ಯಾದಗಿರಿ ಕಡೆಯವರು. ಕವರ್ ಬಿಚ್ಚಿದರೆ ಒಳಗಿನ ಫೋಮ್ ಎಡಗಡೆ ಪುಡಿಪುಡಿಯಾಗಿತ್ತು, ಬಲಗಡೆ ಹೊಸದರಂತೆ ಗಟ್ಟಿಯಾಗಿತ್ತು.

“ನಿಮ್ಮಪ್ಪಾರು ಒಂದೇ ಮಗ್ಗಲಿಗೆ ವಾಲಿ ಕುಂದರ್ತಿದ್ರೇನ್ರಿ? ಸೊಂಟ ನೋವಿತ್ತೇನು?”

“ಇಲ್ರಿ, ಕಿವಿ ಮಂದ ಇತ್ತು,” ಎಂದೆ.

ಹಾಗಂದ ಮೇಲೆ ಪುಡಿಯಾದ ಎಡಗಡೆಯನ್ನು ಮತ್ತೊಮ್ಮೆ ನೋಡಿದೆ. ಪಕ್ಕದಲ್ಲಿ ಕೂತು ನಾನು ಏನಾದರೂ ಹೇಳಿದಾಗಲೆಲ್ಲ ನೀನು ನನ್ನ ಕಡೆ ವಾಲುತ್ತಿದ್ದೆ. ‘ನೆಟ್ಟಗ ಕುಂದ್ರಪ್ಪಾ, ರಸ್ತೆ ನೋಡು’ ಎಂದು ನಾನು ಗದರುತ್ತಿದ್ದೆ. ಅದನ್ನು ಮಾತ್ರ ಜೋರಾಗಿಯೇ ಹೇಳುತ್ತಿದ್ದೆ.

“ಹಳೇ ಫೋಮ್ ಹೊರಗ ಒಗೀಲೇನ್ರಿ?” ಎಂದು ತಾಯಪ್ಪ ಕೇಳಿದರು. ಒಗೀರಿ ಎಂದುಬಿಟ್ಟೆ, ನನ್ನ ಮೇಲಿನ ಸಿಟ್ಟಿನಲ್ಲಿ.

ಈಗ ಸೀಟು ಹಲಗೆಯಂತಿದೆ. ಬರುವಾಗ ಸಿಗ್ನಲ್ಲಿನಲ್ಲಿ ನಿಂತು, ಪಕ್ಕದ ಖಾಲಿ ಸೀಟಿನ ಕಡೆ ನಿನ್ನ ಹಾಗೆ ವಾಲಿ ನೋಡಿದೆ. ಹೊಸ ಫೋಮ್ ಒಂಚೂರೂ ತಗ್ಗಲಿಲ್ಲ.

ಮಾಯಾ