ಮಂಗಳವಾರ ಬೇಡ

ಟೊಲೀಡೊ
ನವೆಂಬರ್ 6

ಡಾಕ್ಟರ್ ಹನ್ರಾಹನ್ ಅವರಿಗೆ,

ನನ್ನ ಬಲ ಸೊಂಟದ ಕೀಲು ಬದಲಿಸಲು ನೀವು ಬರುವ ಮಂಗಳವಾರ ಗೊತ್ತು ಮಾಡಿದ್ದೀರಿ. ದಯವಿಟ್ಟು ಬೇರೆ ಯಾವ ದಿನವನ್ನಾದರೂ ಕೊಡಿ.

ನೀವು ಅಮೆರಿಕನ್ ಫುಟ್‌ಬಾಲ್ ನೋಡುವವನಲ್ಲ ಎಂದಿದ್ದಿರಿ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ, ಏಳು ತಂಡಗಳಲ್ಲಿ, ಚೆಂಡನ್ನು ಎರಡು ಕಂಬಗಳ ನಡುವೆ ಒದೆಯುವುದೊಂದೇ ನನ್ನ ಕೆಲಸವಾಗಿತ್ತು. ನಮ್ಮಲ್ಲಿ ಭಾನುವಾರ ಗುರಿ ತಪ್ಪಿದವನನ್ನು ಸೋಮವಾರ ಮನೆಗೆ ಕಳಿಸುತ್ತಾರೆ, ಮಂಗಳವಾರ ಇನ್ನೊಬ್ಬನಿಗೆ ಫೋನ್ ಮಾಡುತ್ತಾರೆ. ಏಳರಲ್ಲಿ ಆರು ತಂಡಗಳು ನನ್ನನ್ನು ಕರೆದದ್ದು ಮಂಗಳವಾರವೇ. ಕೊನೆಯ ಸಲ ಕರೆದು ನಾಲ್ಕು ವರ್ಷವಾಯಿತು.

"ನಲವತ್ತಾರು ತುಂಬ್ತು, ಇನ್ಯಾರು ಕರೀತಾರೆ ಮಾರಾಯಾ?" ಎನ್ನುತ್ತಾಳೆ ಹೆಂಡತಿ ಮಾರ್ಲಾ. "ನಮ್ಮ ಹಿತ್ತಲ ಬೇಲಿ ದಾಟಿಸು ನೋಡೋಣ!"

ಮೊನ್ನೆ ಅವಳು ಅಂಗಡಿಗೆ ಹೋದಾಗ ಒದ್ದು ನೋಡಿದೆ. ಚೆಂಡು ಬೇಲಿಯವರೆಗೂ ಹೋಗಲಿಲ್ಲ. ನಾನು ಹುಲ್ಲಿನ ಮೇಲೆ ಬಿದ್ದೆ. ಅವಳು ಬರುವಷ್ಟರಲ್ಲಿ ಹೇಗೋ ಎದ್ದು ಕುರ್ಚಿಯಲ್ಲಿ ಕೂತಿದ್ದೆ.

ಭಾನುವಾರ ಟಿವಿಯಲ್ಲಿ ಯಾವನಾದರೂ ಒದೆಯಲು ನಿಂತರೆ, ತಪ್ಪಲಿ ಎಂದು ದೇವರನ್ನು ಬೇಡುತ್ತೇನೆ. ಇದನ್ನೂ ಅವಳಿಗೆ ಹೇಳಿಲ್ಲ.

ನೀವು ಮಂಗಳವಾರ ಬಿಟ್ಟು ಬೇರೆ ದಿನ ಆಪರೇಷನ್ ಮಾಡುವುದೇ ಇಲ್ಲವೆಂದಾದರೆ ನಾನು ಬರುತ್ತೇನೆ. ನನ್ನ ಫೋನನ್ನು ನಿಮ್ಮ ನರ್ಸ್ ಇಟ್ಟುಕೊಂಡಿರಲಿ. ಅದು ರಿಂಗಾದರೆ "ಬರ್ತಾರೆ" ಎನ್ನಲಿ. ರಿಂಗಾಗದಿದ್ದರೂ, ನನಗೆ ಎಚ್ಚರವಾದಾಗ "ಯಾರೋ ಫೋನ್ ಮಾಡಿದ್ರು, ಹೆಸರು ಹೇಳಲಿಲ್ಲ" ಎಂದುಬಿಡಲಿ.

ನಿಮ್ಮ ರೋಗಿ,
ವೆಂಡೆಲ್ ಕ್ರಾಟ್ಜ್